ಲ್ಯಾಪ್ರೋಸ್ಕೋಪಿಯ ಅನಿಲ ಮತ್ತು ಅಂಡಾಶಯ

ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಹೊಕ್ಕುಳ ಬಳಿ ಮತ್ತು ಕಿಬ್ಬೊಟ್ಟೆಯಲ್ಲಿ ಅರ್ಧದಿಂದ ಒಂದು ಸೆಂಟಿಮೀಟರಿನಷ್ಟು ತೂತು ಮಾಡಿ, ಬೆಳಕು ಮತ್ತು ಮಸೂರ ಇರುವ ನಳಿಕೆಯನ್ನು ಒಳಗಿಳಿಸಿ ಮಾಡುವ ಶಸ್ತ್ರಚಿಕಿತ್ಸೆಗೆ ಲ್ಯಾಪ್ರೋಸ್ಕೋಪಿ ಎಂದು ಹೆಸರು. ಆರೋಗ್ಯ ಇಲಾಖೆಯ ಪ್ರಕಟಣೆಗಳಲ್ಲಿ ಇದು ಉದರದರ್ಶಕ ಶಸ್ತ್ರಚಿಕಿತ್ಸೆ. ಮಾಮೂಲಾಗಿ ಹೊಟ್ಟೆಯ ಗೋಡೆ ಮತ್ತು ಕರುಳು ಒಂದಕ್ಕೊಂದು ಅಂಟಿಕೊಂಡಂತೆ ಇರುತ್ತವೆ. ನಡುವೆ ನಳಿಕೆ ಆಡಿಸಲು ಜಾಗವಿರುವುದಿಲ್ಲ. ಅದಕ್ಕಾಗಿ ಮೊದಲು ಸೂಜಿಯ ಮೂಲಕ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ, ಕೆಲಸ ಮುಗಿದ ಮೇಲೆ ಅನಿಲವನ್ನು ಹೊರಬಿಡುತ್ತಾರೆ. ಉಬ್ಬಿರುವಷ್ಟು ಹೊತ್ತು ಒಳಗಿನ ಎಲ್ಲ ಅಂಗಗಳೂ ಒತ್ತಡದಲ್ಲಿರುತ್ತವೆ. ಅವುಗಳಲ್ಲಿ ಅಂಡಾಶಯಕ್ಕೆ ಒಂದು ವಿಶೇಷವಿದೆ. ಅದರಲ್ಲಿರುವ ಅಂಡಾಣುಗಳು ಹುಟ್ಟುವಾಗಲೇ ಎಣಿಸಿಟ್ಟ ಗಂಟು. ಚರ್ಮದಂತೆ, ರಕ್ತದಂತೆ ಅವು ಮತ್ತೆ ಹುಟ್ಟಿಕೊಳ್ಳುವುದಿಲ್ಲ. ಆದ್ದರಿಂದ ಅನಿಲದ ಒತ್ತಡ ಆ ಗಂಟನ್ನು ಕರಗಿಸುತ್ತದೆಯೇ ಎಂಬುದು ಸ್ತ್ರೀರೋಗ ತಜ್ಞರಿಗೂ, ಮುಂದೆ ಮಕ್ಕಳು ಬೇಕೆನ್ನುವ ಹೆಣ್ಣುಮಕ್ಕಳಿಗೂ ಮುಖ್ಯವಾದ ಪ್ರಶ್ನೆ.

ಈವರೆಗಿನ ತಿಳಿವಳಿಕೆಯ ಸಾರ ಹೀಗಿದೆ: ಅನಿಲದ ಪರಿಣಾಮ ಸುಳ್ಳಲ್ಲ, ಅಳೆಯಬಹುದಾದದ್ದು; ಆದರೆ ಅದು ಒತ್ತಡ ಎಷ್ಟು, ಹೊತ್ತು ಎಷ್ಟು ಎಂಬುದನ್ನು ಅವಲಂಬಿಸಿದ್ದು, ಬಹುಮಟ್ಟಿಗೆ ತಾತ್ಕಾಲಿಕ. ಅದೇ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ವಿದ್ಯುತ್ ಶಾಖ, ಗೆಡ್ಡೆ ಸುಲಿಯುವ ಕೈ, ಬೇಡದಿದ್ದರೂ ಅಂಗವನ್ನೇ ತೆಗೆದುಹಾಕುವ ತೀರ್ಮಾನ ಇವು ಅಂಡಾಶಯಕ್ಕೆ ಮಾಡುವ ಹಾನಿ ಅನಿಲಕ್ಕಿಂತ ಬಹಳ ದೊಡ್ಡದು.

ನಾಲ್ಕು ತಾಲ್ಲೂಕುಗಳ ಹಿನ್ನೆಲೆ

ಈ ಪ್ರಶ್ನೆಯನ್ನು ನಾಲ್ಕು ತಾಲ್ಲೂಕುಗಳ ಹೆಣ್ಣುಮಕ್ಕಳ ಕಡೆಯಿಂದ ನೋಡೋಣ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರ ಆಗಸ್ಟ್ 15ರಂದು ಈ ಜಿಲ್ಲೆ ಹುಟ್ಟಿದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ಇವುಗಳಲ್ಲಿ ಕಿರಿಯದು. ಚನ್ನಗಿರಿಯದು ಅಡಿಕೆ ಮತ್ತು ಸೂಳೆಕೆರೆಯ ನೀರಿನ ಸೀಮೆ, ಹೊನ್ನಾಳಿಯದು ತುಂಗಭದ್ರೆಯ ದಂಡೆ, ಜಗಳೂರಿನದು ಮಳೆಯನ್ನೇ ನಂಬಿದ ಒಣ ಭೂಮಿ. ಬದುಕಿನ ರೀತಿ ಬೇರೆಯಾದರೂ ಈ ಊರುಗಳ ಹೆಣ್ಣುಮಕ್ಕಳು ಲ್ಯಾಪ್ರೋಸ್ಕೋಪಿಯನ್ನು ಮೊದಲು ಕಂಡದ್ದು ಬಹುತೇಕ ಒಂದೇ ಬಾಗಿಲಿನಲ್ಲಿ, ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ. ಆಡುಮಾತಿನಲ್ಲಿ ಬರಿಯ ‘ಆಪರೇಷನ್’ ಎಂದರೆ ಸಾಕು, ಯಾವುದೆಂದು ಎಲ್ಲರಿಗೂ ಗೊತ್ತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ. 57.4 ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಇಡೀ ದೇಶದ ಪ್ರಮಾಣ ಶೇ. 37.9. ಗಂಡಸರ ಪಾಲು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಕುಟುಂಬ ಯೋಜನೆಗೆ ಈ ನಾಡಿನಲ್ಲಿ ಹಳೆಯ ಬೇರಿದೆ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಸಲಹಾ ಕೇಂದ್ರಗಳನ್ನು ತೆರೆದಿತ್ತು.

ಸಂತಾನಹರಣಕ್ಕೆ ಎರಡು ದಾರಿಗಳಿವೆ. ಹೆರಿಗೆಯಾದ ವಾರದೊಳಗೆ ಹೊಕ್ಕುಳ ಕೆಳಗೆ ಸಣ್ಣ ಗಾಯ ಮಾಡಿ ಗರ್ಭನಾಳವನ್ನು ಹೊರಗೆಳೆದು ಕಟ್ಟಿ ಕತ್ತರಿಸುವುದು ಮಿನಿಲ್ಯಾಪ್. ಸಿಸೇರಿಯನ್ ಆದವರಿಗೆ ಅದೇ ಗಾಯದಲ್ಲೇ ಮಾಡಿಬಿಡುತ್ತಾರೆ. ಇವುಗಳಲ್ಲಿ ಅನಿಲದ ಮಾತೇ ಇಲ್ಲ. ಹೆರಿಗೆಯಾಗಿ ಆರು ವಾರ ಕಳೆದ ಮೇಲೆ ಬರುವವರಿಗೆ ಲ್ಯಾಪ್ರೋಸ್ಕೋಪಿ. ಹೊಕ್ಕುಳ ಬಳಿ ಒಂದೇ ತೂತು, ಸಾಮಾನ್ಯವಾಗಿ ಮಂಪರು ಬರಿಸುವ ಔಷಧ ಮತ್ತು ಸ್ಥಳೀಯ ಅರಿವಳಿಕೆ, ಎರಡೂ ಗರ್ಭನಾಳಗಳಿಗೆ ಒಂದೊಂದು ಸಿಲಿಕೋನ್ ಉಂಗುರ. ನುರಿತ ಕೈಗೆ ಕೆಲವೇ ನಿಮಿಷಗಳ ಕೆಲಸ. ಹೊಟ್ಟೆ ಉಬ್ಬಿರುವ ಹೊತ್ತೂ ಅಷ್ಟೇ. ಅಂಡಾಶಯದ ಗೆಡ್ಡೆ, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ), ಗರ್ಭನಾಳದೊಳಗಿನ ಗರ್ಭ, ಗರ್ಭಕೋಶ ತೆಗೆಯುವುದು ಇವುಗಳಿಗೆ ಮುಕ್ಕಾಲು ಗಂಟೆಯಿಂದ ಎರಡು–ಮೂರು ಗಂಟೆ ಹಿಡಿಯಬಹುದು. ಅವಕ್ಕೆ ಪೂರ್ಣ ಅರಿವಳಿಕೆಯೂ ಬೇಕು, ಸಜ್ಜಾದ ಶಸ್ತ್ರಕೊಠಡಿಯೂ ಬೇಕು. ಆದ್ದರಿಂದ ಜಗಳೂರು, ಚನ್ನಗಿರಿ ಕಡೆಯವರು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಅಲ್ಲಿನ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗೋ ಹೋಗುತ್ತಾರೆ. ಹೊನ್ನಾಳಿ, ನ್ಯಾಮತಿಯ ಅನೇಕರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೇ ಹತ್ತಿರ. ಅನಿಲ ಮತ್ತು ಅಂಡಾಶಯದ ಚರ್ಚೆ ನಿಜವಾಗಿ ಅನ್ವಯಿಸುವುದು ದೀರ್ಘ ಶಸ್ತ್ರಚಿಕಿತ್ಸೆಯ ಈ ಎರಡನೆಯ ಗುಂಪಿನವರಿಗೆ. ಭಯ ಮಾತ್ರ ಹೆಚ್ಚಾಗಿರುವುದು ಸಂತಾನಹರಣದ ಮೊದಲ ಗುಂಪಿನಲ್ಲಿ.

ಅನಿಲ ತುಂಬುವ ಪದ್ಧತಿ ಬೆಳೆದ ಬಗೆ

1901ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ವೈದ್ಯ ಗಿಯಾರ್ಗ್ ಕೆಲ್ಲಿಂಗ್ ನಾಯಿಯೊಂದರ ಹೊಟ್ಟೆಗೆ ಶೋಧಿಸಿದ ಗಾಳಿ ತುಂಬಿ, ಮೂತ್ರಕೋಶ ನೋಡುವ ನಳಿಕೆಯನ್ನು ಇಳಿಸಿ ಒಳಗನ್ನು ನೋಡಿದರು. ಕೆಲ್ಲಿಂಗ್ ಅವರ ಮೂಲ ಉದ್ದೇಶ ನೋಡುವುದಕ್ಕಿಂತ ಹೆಚ್ಚಾಗಿ ಗಾಳಿಯ ಒತ್ತಡದಿಂದ ಒಳಗಿನ ರಕ್ತಸ್ರಾವವನ್ನು ನಿಲ್ಲಿಸುವುದಾಗಿತ್ತು. ಒತ್ತಡ ರಕ್ತನಾಳಗಳನ್ನು ಅಮುಕುತ್ತದೆ ಎಂಬ ಅರಿವು, ಅಂದರೆ ಈ ಲೇಖನದ ವಿಷಯದ ಬೀಜ, ಲ್ಯಾಪ್ರೋಸ್ಕೋಪಿಯ ಮೊದಲ ದಿನದಲ್ಲೇ ಇತ್ತು. 1910ರಲ್ಲಿ ಸ್ಟಾಕ್‌ಹೋಮಿನ ಹಾನ್ಸ್ ಕ್ರಿಶ್ಚಿಯನ್ ಯಾಕೊಬೇಯಸ್ ಮನುಷ್ಯರಲ್ಲಿ ಇದನ್ನು ಮಾಡಿದರು. 1924ರಲ್ಲಿ ಸ್ವಿಟ್ಜರ್ಲೆಂಡಿನ ಜೊಲ್ಲಿಕೋಫರ್ ಗಾಳಿಯ ಬದಲು ಇಂಗಾಲದ ಡೈಆಕ್ಸೈಡ್ ಬಳಸಲು ಸೂಚಿಸಿದರು: ಅದು ಉರಿಯುವುದಿಲ್ಲ, ರಕ್ತದಲ್ಲಿ ಬೇಗ ಕರಗಿ ಉಸಿರಿನಲ್ಲಿ ಹೊರಹೋಗುತ್ತದೆ. 1938ರಲ್ಲಿ ಹಂಗೇರಿಯ ಯಾನೋಶ್ ವೆರೆಸ್ ಕ್ಷಯರೋಗಿಗಳ ಎದೆಗೆ ಗಾಳಿ ತುಂಬಲೆಂದು ಮಾಡಿದ ಸ್ಪ್ರಿಂಗ್ ಸೂಜಿ ಇಂದಿಗೂ ಹೊಟ್ಟೆಗೆ ಅನಿಲ ತುಂಬಲು ಬಳಕೆಯಲ್ಲಿದೆ. ಪ್ಯಾರಿಸ್ಸಿನ ರಾವುಲ್ ಪಾಮರ್ 1940ರ ದಶಕದಲ್ಲಿ ಸ್ತ್ರೀರೋಗಕ್ಕೆ ಈ ವಿಧಾನ ತಂದಾಗ ಒಳಗಿನ ಒತ್ತಡವನ್ನು ಅಳೆಯುತ್ತಲೇ ಇರಬೇಕೆಂದು ಹಠ ಹಿಡಿದರು. ಜರ್ಮನಿಯ ಕುರ್ಟ್ ಸೆಮ್ 1960ರ ದಶಕದಲ್ಲಿ ಒತ್ತಡ ನೋಡಿಕೊಂಡು ತಾನೇ ಅನಿಲ ಬಿಡುವ, ನಿಲ್ಲಿಸುವ ಯಂತ್ರ ರೂಪಿಸಿದರು. ಇಂದಿನ ಇನ್ಸಫ್ಲೇಟರ್ ಅದರ ಸಂತತಿ.

ಭಾರತದಲ್ಲಿ ಮುಂಬೈಯ ಡಾ. ತೆಹೆಂಟನ್ ಉದ್ವಾಡಿಯಾ 1972ರಿಂದ ರೋಗ ಪತ್ತೆಗೆ ಲ್ಯಾಪ್ರೋಸ್ಕೋಪ್ ಬಳಸಿದರು. 1990ರಲ್ಲಿ ದೇಶದ ಮೊದಲ ಲ್ಯಾಪ್ರೋಸ್ಕೋಪಿ ಪಿತ್ತಕೋಶ ಶಸ್ತ್ರಚಿಕಿತ್ಸೆ ಮಾಡಿದವರೂ ಅವರೇ. ಆದರೆ ತಾಲ್ಲೂಕು ಮಟ್ಟಕ್ಕೆ ಈ ಉಪಕರಣವನ್ನು ಇಳಿಸಿದ್ದು ಕುಟುಂಬ ಯೋಜನೆ. ಮುಂಬೈಯ ಡಾ. ಪಿ. ವಿ. ಮೆಹ್ತಾ ಒಬ್ಬರೇ 2,50,136 ಲ್ಯಾಪ್ರೋಸ್ಕೋಪಿ ಸಂತಾನಹರಣ ಚಿಕಿತ್ಸೆಗಳನ್ನು ಮಾಡಿದ ವರದಿ 1989ರಲ್ಲಿ ಬ್ರಿಟಿಷ್ ಪ್ರಸೂತಿ ಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು. ಶಾಲೆಯ ಕೊಠಡಿ, ಕಲ್ಯಾಣ ಮಂಟಪಗಳಲ್ಲೂ ಶಿಬಿರ ನಡೆದ ಕಾಲ ಅದು.

ಅನಿಲ ಅಂಡಾಣುವಿಗೆ ಒಗ್ಗುತ್ತದೆಯೇ ಎಂದು ಮೊದಲು ಚಿಂತಿಸಿದವರು ಪ್ರನಾಳ ಶಿಶುವಿನ ವೈದ್ಯರು. ಪ್ಯಾಟ್ರಿಕ್ ಸ್ಟೆಪ್ಟೋ ಮತ್ತು ರಾಬರ್ಟ್ ಎಡ್ವರ್ಡ್ಸ್ ಲ್ಯಾಪ್ರೋಸ್ಕೋಪಿನಿಂದಲೇ ಅಂಡಾಣು ತೆಗೆಯುತ್ತಿದ್ದರು. 1978ರ ಜುಲೈ 25ರಂದು ಹುಟ್ಟಿದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಆ ದಾರಿಯ ಫಲ. ಶುದ್ಧ ಇಂಗಾಲದ ಡೈಆಕ್ಸೈಡ್ ಅಂಡಾಣುವಿನ ಸುತ್ತಲ ದ್ರವವನ್ನು ಆಮ್ಲೀಯಗೊಳಿಸಬಹುದೆಂಬ ಅಳುಕಿನಿಂದ ಸಾರಜನಕವೇ ಹೆಚ್ಚಿರುವ, ಇಂಗಾಲದ ಡೈಆಕ್ಸೈಡ್ ಮತ್ತು ಆಮ್ಲಜನಕ ಸ್ವಲ್ಪವೇ ಇರುವ ಮಿಶ್ರಣವನ್ನು ಬಳಸಿದ್ದೂ ಉಂಟು. 1987ರಲ್ಲಿ ಅಮೆರಿಕದ ಸಂಶೋಧಕರು ಪ್ರತಿ ಮಹಿಳೆಯಿಂದ ಮೊದಲು ತೆಗೆದ ಅಂಡಾಣುವನ್ನೂ ಕೊನೆಗೆ ತೆಗೆದದ್ದನ್ನೂ ಹೋಲಿಸಿ, ಅನಿಲ ಮತ್ತು ಅರಿವಳಿಕೆಯಲ್ಲಿ ಹೆಚ್ಚು ಹೊತ್ತು ಇದ್ದವುಗಳಲ್ಲಿ ಫಲಿಸುವ ಪ್ರಮಾಣ ಕಡಿಮೆ ಎಂದು ಕಂಡರು. ಅಷ್ಟರಲ್ಲಿ ಯೋನಿಮಾರ್ಗದ ಸ್ಕ್ಯಾನಿಂಗ್ ಬಂದು ಆ ಕೆಲಸಕ್ಕೆ ಲ್ಯಾಪ್ರೋಸ್ಕೋಪ್ ಬೇಡವೇ ಆಯಿತು. ಕೋಲ್ಕತ್ತದಲ್ಲಿ 1978ರ ಅಕ್ಟೋಬರ್ 3ರಂದು ಹುಟ್ಟಿದ ಪ್ರನಾಳ ಶಿಶು ದುರ್ಗಾಳ ವೈದ್ಯ ಡಾ. ಸುಭಾಷ್ ಮುಖೋಪಾಧ್ಯಾಯರು ಮೊದಲಿನಿಂದಲೂ ಅನಿಲವಿಲ್ಲದೆ, ಯೋನಿಯ ಹಿಂಗೋಡೆಯ ಮೂಲಕ ಅಂಡಾಣು ತೆಗೆದಿದ್ದರು ಎಂಬುದನ್ನು ಇಲ್ಲಿ ಗೌರವದಿಂದ ನೆನೆಯಬೇಕು.

ಅಂಡಾಶಯದ ರಚನೆ

ಬಾದಾಮಿ ಆಕಾರದ ಎರಡು ಅಂಡಾಶಯಗಳು ಗರ್ಭಕೋಶದ ಎರಡೂ ಬದಿಗೆ ತೂಗಿಕೊಂಡಿವೆ. ಹುಟ್ಟಿದ ಹೆಣ್ಣುಮಗುವಿನಲ್ಲಿ ಅಂಡಾಣು ಹೊತ್ತ ಫಾಲಿಕಲ್ ಎಂಬ ಪುಟ್ಟ ಚೀಲಗಳು 10ರಿಂದ 20 ಲಕ್ಷ. ಮೈನೆರೆಯುವ ಹೊತ್ತಿಗೆ 3ರಿಂದ 4 ಲಕ್ಷ. ಇಡೀ ಜೀವನದಲ್ಲಿ ಮಾಗಿ ಹೊರಬರುವವು ಸುಮಾರು 400. ಉಳಿದವು ತಾವಾಗಿಯೇ ಕರಗುತ್ತವೆ. ಸಣ್ಣ ಫಾಲಿಕಲ್‌ಗಳು ಸ್ರವಿಸುವ ಎ.ಎಂ.ಎಚ್. ಎಂಬ ಹಾರ್ಮೋನಿನ ಮಟ್ಟವನ್ನು ರಕ್ತದಲ್ಲಿ ಅಳೆದು, ಸ್ಕ್ಯಾನಿಂಗ್‌ನಲ್ಲಿ ಕಾಣುವ ಫಾಲಿಕಲ್‌ಗಳನ್ನು ಎಣಿಸಿ ಈ ದಾಸ್ತಾನು ಎಷ್ಟು ಉಳಿದಿದೆ ಎಂದು ಅಂದಾಜು ಮಾಡುತ್ತಾರೆ.

ರಕ್ತ ಎರಡು ಕಡೆಯಿಂದ ಬರುತ್ತದೆ. ಮೂತ್ರಪಿಂಡದ ಮಟ್ಟಕ್ಕಿಂತ ಕೊಂಚ ಕೆಳಗೆ ಮಹಾಪಧಮನಿಯಿಂದ ಕವಲೊಡೆದ ಉದ್ದನೆಯ ಅಂಡಾಶಯ ಧಮನಿ ಒಂದು, ಗರ್ಭಕೋಶದ ಧಮನಿಯ ಕವಲು ಇನ್ನೊಂದು. ಒಂದು ಕಟ್ಟಿದರೂ ಇನ್ನೊಂದು ಕೈಹಿಡಿಯುತ್ತದೆ. ಮಲಿನ ರಕ್ತ ಬಲಗಡೆಯಲ್ಲಿ ನೇರವಾಗಿ ಕೆಳ ಮಹಾಸಿರೆಗೂ, ಎಡಗಡೆಯಲ್ಲಿ ಮೂತ್ರಪಿಂಡದ ಸಿರೆಗೂ ಸೇರುತ್ತದೆ. ಇನ್ನೊಂದು ಸಂಗತಿ ಅನಿಲದ ಚರ್ಚೆಗೆ ಮುಖ್ಯ: ಕರುಳು, ಗರ್ಭಕೋಶಗಳಿಗೆ ಹೊದಿಕೆಯಾಗಿರುವ ಉದರಪೊರೆ ಅಂಡಾಶಯಕ್ಕೆ ಇಲ್ಲ. ಒಂದೇ ಪದರದ ಜೀವಕೋಶಗಳ ತೆಳು ಮುಸುಕು ಮಾತ್ರ. ಹಾಗಾಗಿ ಸಿಲಿಂಡರಿನ ಅನಿಲ ಅಂಡಾಶಯದ ಮೈಗೆ ನೇರವಾಗಿ ತಾಗುತ್ತದೆ.

ಒತ್ತಡ ಮಾಡುವ ಕೆಲಸ

ಆರೋಗ್ಯವಂತರ ಹೊಟ್ಟೆಯೊಳಗಿನ ಒತ್ತಡ ಪಾದರಸದ 0ರಿಂದ 5 ಮಿಲಿಮೀಟರ್. ಲ್ಯಾಪ್ರೋಸ್ಕೋಪಿಯಲ್ಲಿ ಅದನ್ನು 12ರಿಂದ 15ಕ್ಕೆ ಏರಿಸುತ್ತಾರೆ. 15 ಮಿಲಿಮೀಟರ್ ಎಂದರೆ ಸುಮಾರು 20 ಸೆಂಟಿಮೀಟರ್ ಎತ್ತರದ ನೀರಿನ ಭಾರ. ಕೇಳಲು ಅಲ್ಪ. ಆದರೆ ಸಿರೆಗಳೊಳಗಿನ ಒತ್ತಡವೂ ಅಷ್ಟೇ ಅಲ್ಪ. ಧಮನಿಗಳ ಗೋಡೆ ದಪ್ಪ, ಒಳಗಿನ ಒತ್ತಡ ಹೆಚ್ಚು, ಅವು ಜಗ್ಗುವುದಿಲ್ಲ. ತೆಳು ಗೋಡೆಯ ಸಿರೆಗಳು ಮೊದಲು ಅಮುಕಿಕೊಳ್ಳುತ್ತವೆ. ಭದ್ರಾ ಅಚ್ಚುಕಟ್ಟಿನ ರೈತರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ನಾಲೆಯಲ್ಲಿ ನೀರು ಬರುತ್ತಲೇ ಇದ್ದರೂ ಬಸಿಗಾಲುವೆ ಮುಚ್ಚಿದರೆ ಗದ್ದೆ ಜೌಗಾಗಿ ಬೇರು ಉಸಿರುಕಟ್ಟುತ್ತದೆ. ಅಂಡಾಶಯದಲ್ಲೂ ಹೊರಹೋಗುವ ದಾರಿ ಕಿರಿದಾದಾಗ ಹೊಸ ರಕ್ತದ ಹರಿವು ತಗ್ಗುತ್ತದೆ, ಆಮ್ಲಜನಕ ಕಡಿಮೆಯಾಗುತ್ತದೆ.

ಬೇರೆ ಅಂಗಗಳಲ್ಲಿ ಇದನ್ನು ನೇರವಾಗಿ ಅಳೆದಿದ್ದಾರೆ. 1997ರ ಒಂದು ಅಧ್ಯಯನದಲ್ಲಿ ಒತ್ತಡವನ್ನು 10ರಿಂದ 15ಕ್ಕೆ ಏರಿಸಿದಾಗ ಯಕೃತ್ತಿನ ರಕ್ತಹರಿವು ಶೇ. 39ರಷ್ಟು, ಹೊಟ್ಟೆ ಗೋಡೆಯ ಒಳಪೊರೆಯದು ಶೇ. 60ರಷ್ಟು ಇಳಿಯಿತು. ಐದು ಮಿಲಿಮೀಟರಿನ ವ್ಯತ್ಯಾಸಕ್ಕೆ ಇಷ್ಟು. 10 ಮತ್ತು 15ರ ನಡುವಿನ ಅಂತರವನ್ನು ಶಸ್ತ್ರಕೊಠಡಿಯಲ್ಲಿ ಹಗುರವಾಗಿ ನೋಡುವಂತಿಲ್ಲ.

ಅಂಗಕ್ಕೆ ರಕ್ತ ನುಗ್ಗಿಸುವ ಬಲ ಎಷ್ಟೆಂದು ತಿಳಿಯಲು ಸರಾಸರಿ ರಕ್ತದೊತ್ತಡದಿಂದ ಹೊಟ್ಟೆಯೊಳಗಿನ ಒತ್ತಡವನ್ನು ಕಳೆಯುತ್ತಾರೆ. ಸರಾಸರಿ 85 ಇರುವವರಿಗೆ 15 ಕಳೆದರೂ 70 ಉಳಿಯಿತು. ಅರಿವಳಿಕೆಯಲ್ಲಿ ರಕ್ತದೊತ್ತಡ 60ಕ್ಕೆ ಇಳಿದಿದ್ದರೆ ಉಳಿಯುವುದು 45. ಇದಕ್ಕೆ ರಕ್ತಹೀನತೆ ಸೇರಿಸಿ ನೋಡಬೇಕು. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತಹೀನತೆ ಕಂಡಿದೆ. ಸಂತಾನಹರಣಕ್ಕೆ ಸರ್ಕಾರಿ ಮಾನದಂಡ ಕೇಳುವ ಕನಿಷ್ಠ ಹಿಮೋಗ್ಲೋಬಿನ್ 7 ಗ್ರಾಂ. ಕೆಲವು ನಿಮಿಷದ ಕೆಲಸಕ್ಕೆ ಅದು ಸಾಕಾದೀತು. ಎರಡು ಗಂಟೆಯ ಗೆಡ್ಡೆ ಶಸ್ತ್ರಚಿಕಿತ್ಸೆಗೆ ಬರುವ ಹುಡುಗಿಗೆ ಮೊದಲು ಕಬ್ಬಿಣಾಂಶ ತುಂಬಿಸಿ ನಂತರ ಮೇಜಿಗೆ ಏರಿಸುವುದು ಅಂಡಾಶಯದ ದೃಷ್ಟಿಯಿಂದಲೂ ಸರಿ.

ಒತ್ತಡದ ಜೊತೆಗೆ ರಾಸಾಯನಿಕ ಪರಿಣಾಮವೂ ಇದೆ. ಇಂಗಾಲದ ಡೈಆಕ್ಸೈಡ್ ಒದ್ದೆ ಮೇಲ್ಮೈಯಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುತ್ತದೆ. ರಕ್ತಕ್ಕೆ ಸೇರಿದ ಅನಿಲವನ್ನು ಉಸಿರು ಹೊರಹಾಕುತ್ತದೆ, ಅರಿವಳಿಕೆ ತಜ್ಞರು ಉಸಿರಾಟದ ವೇಗ ಏರಿಸಿ ಅದನ್ನು ಸರಿದೂಗಿಸುತ್ತಾರೆ. ಮೇಲ್ಮೈಯ ಆಮ್ಲೀಯತೆ ಮಾತ್ರ ಅನಿಲ ಇರುವಷ್ಟು ಹೊತ್ತು ಉಳಿಯುತ್ತದೆ. ಸಿಲಿಂಡರಿನಿಂದ ಬರುವ ಅನಿಲ ತಣ್ಣಗೂ ಒಣಗಿಯೂ ಇರುತ್ತದೆ. ದೇಹದ ಒಳಗು 37 ಡಿಗ್ರಿ, ತೇವಭರಿತ. ಅನಿಲ ಸುಮಾರು 21 ಡಿಗ್ರಿ, ತೇವಾಂಶ ಇಲ್ಲವೆನ್ನುವಷ್ಟು. ಪೊರೆಯ ಜೀವಕೋಶಗಳು ಒಣಗಿ ಕುಗ್ಗಿ, ಅವುಗಳ ನಡುವೆ ಬಿರುಕು ಬಿಡುತ್ತವೆ. ಅಂತಹ ಕಡೆಗಳಲ್ಲಿ ಮುಂದೆ ಅಂಟುಗಳು ಕಟ್ಟಬಹುದು. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದಲ್ಲಿ ಕೊನಿಂಕ್ಸ್ ಅವರ ತಂಡ ಇಲಿಗಳಲ್ಲಿ ಇದನ್ನು ವರ್ಷಗಟ್ಟಲೆ ಅಭ್ಯಸಿಸಿ, ಅನಿಲಕ್ಕೆ ಶೇ. 3–4ರಷ್ಟು ಆಮ್ಲಜನಕ ಬೆರೆಸಿದರೆ ಅಂಟುಗಳು ಕಡಿಮೆಯಾಗುತ್ತವೆಂದು ತೋರಿಸಿತು. ಗರ್ಭನಾಳದ ತುದಿ ಅಂಡಾಶಯದ ಮೇಲೆ ಸಡಿಲವಾಗಿ ಓಡಾಡಿದರಷ್ಟೇ ಅಂಡಾಣುವನ್ನು ಎತ್ತಿಕೊಳ್ಳಬಲ್ಲದು. ಹೀಗಾಗಿ ಅಂಟುಗಳು ಅಂಡಾಶಯವನ್ನು ಕೊಲ್ಲದೆಯೂ ಬಂಜೆತನ ತರಬಹುದು. ಅನಿಲದ ಹಾನಿಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಅನಿಲವನ್ನು ಹೊರಬಿಟ್ಟ ಕ್ಷಣ ಮತ್ತೊಂದು ಘಟನೆ ನಡೆಯುತ್ತದೆ. ಹಸಿದಿದ್ದ ಅಂಗಾಂಶಕ್ಕೆ ಆಮ್ಲಜನಕ ತುಂಬಿದ ರಕ್ತ ಒಮ್ಮೆಗೇ ನುಗ್ಗುತ್ತದೆ. ಆಗ ಆಮ್ಲಜನಕದ ಉಗ್ರ ಕಣಗಳು, ಅಂದರೆ ಫ್ರೀ ರ‍್ಯಾಡಿಕಲ್‌ಗಳು, ಹುಟ್ಟಿ ಜೀವಕೋಶದ ಕೊಬ್ಬಿನ ಪೊರೆಯನ್ನು ಕೆಡಿಸುತ್ತವೆ. ಕೆಟ್ಟ ಕೊಬ್ಬಿನಿಂದ ಬರುವ ಮಾಲೊನ್‌ಡೈಆಲ್ಡಿಹೈಡ್ ಎಂಬ ವಸ್ತುವನ್ನು ಅಳೆದು ಹಾನಿಯ ಅಂದಾಜು ಮಾಡುತ್ತಾರೆ. ಹೊಟ್ಟೆ ಉಬ್ಬಿದ್ದಾಗ ಹಸಿವು, ಇಳಿದಾಗ ಪ್ರವಾಹ; ಎರಡೂ ಸೇರಿ ಒಂದೇ ಪೆಟ್ಟು.

ಪ್ರಯೋಗಗಳು ಹೇಳುವುದು

ಅಂಡಾಶಯವನ್ನೇ ಗುರಿಯಾಗಿಸಿದ ಪ್ರಯೋಗಗಳು ಹೆಚ್ಚಾಗಿ ಟರ್ಕಿ ದೇಶದ ವೈದ್ಯಕೀಯ ಕಾಲೇಜುಗಳಿಂದ ಬಂದಿವೆ. ಇಲಿ, ಮೊಲಗಳ ಹೊಟ್ಟೆಗೆ ಬೇರೆ ಬೇರೆ ಒತ್ತಡದಲ್ಲಿ ಅನಿಲ ತುಂಬಿ, ಅಂಡಾಶಯದ ರಕ್ತಹರಿವನ್ನೂ ಫ್ರೀ ರ‍್ಯಾಡಿಕಲ್ ಹಾನಿಯ ಗುರುತುಗಳನ್ನೂ ನೋಡಿ, ಆಮೇಲೆ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ್ದಾರೆ. 2010ರಲ್ಲಿ ಪ್ರಕಟವಾದ ಮೊಲಗಳ ಅಧ್ಯಯನವೊಂದು ಹೆಚ್ಚು ಉಲ್ಲೇಖಗೊಂಡಿದೆ. ಈ ಬಗೆಯ ಪ್ರಯೋಗಗಳಲ್ಲಿ ಒಂದೇ ಚಿತ್ರ ಮರುಕಳಿಸುತ್ತದೆ: ಒತ್ತಡ ಏರಿದಂತೆ ರಕ್ತಹರಿವು ಇಳಿಯುತ್ತದೆ, ಮಾಲೊನ್‌ಡೈಆಲ್ಡಿಹೈಡ್ ಏರುತ್ತದೆ, ಅಂಗಾಂಶ ಊದಿಕೊಂಡು ರಕ್ತ ಮಡುಗಟ್ಟುತ್ತದೆ. ಮೊದಲು ಕೆಲವು ನಿಮಿಷ ಉಬ್ಬಿಸಿ, ಇಳಿಸಿ, ಮತ್ತೆ ಉಬ್ಬಿಸಿದರೆ ಹಾನಿ ತಗ್ಗುತ್ತದೆಂದೂ, ಮೆಲಟೋನಿನ್‌ನಂತಹ ವಸ್ತುಗಳನ್ನು ಮುಂಚೆ ಕೊಟ್ಟರೆ ಕಾಪಾಡುತ್ತವೆಂದೂ ಪ್ರಾಣಿಗಳಲ್ಲಿ ಕಂಡಿದ್ದಾರೆ.

ಇವನ್ನು ಹಾಗೆಯೇ ಮನುಷ್ಯರಿಗೆ ಅಂಟಿಸುವುದು ತಪ್ಪಾಗುತ್ತದೆ. ಇನ್ನೂರು–ಮುನ್ನೂರು ಗ್ರಾಂ ತೂಕದ ಇಲಿಗೆ 15 ಮಿಲಿಮೀಟರ್ ಒತ್ತಡ ಒಂದು ಗಂಟೆ ಎಂದರೆ ಮಹಿಳೆಗೆ ಅದೇ ಒತ್ತಡ ಅದೇ ಹೊತ್ತು ಇದ್ದುದಕ್ಕಿಂತ ಬಹಳ ಹೆಚ್ಚಿನ ಭಾರ. ಅಲ್ಲದೆ ಬಹಳಷ್ಟು ಪ್ರಯೋಗಗಳು ಅಂಡಾಶಯವನ್ನು ನೋಡಿದ್ದು ಅನಿಲ ಬಿಟ್ಟ ಕೆಲವೇ ಹೊತ್ತಿನೊಳಗೆ. ಆಗ ಕಾಣುವುದು ಪೆಟ್ಟಿನ ಗುರುತು. ತಿಂಗಳ ಮೇಲೆ ಎಷ್ಟು ಅಂಡಾಣು ಉಳಿದವು ಎಂಬುದು ಬೇರೆ ಲೆಕ್ಕ.

ಅಂಡಾಶಯ ಎಷ್ಟು ಗಟ್ಟಿ ಅಂಗ ಎನ್ನುವುದಕ್ಕೆ ಆಸ್ಪತ್ರೆಯ ಅನುಭವದಲ್ಲೇ ಉತ್ತರವಿದೆ. ಗೆಡ್ಡೆಯ ಭಾರಕ್ಕೆ ಅಂಡಾಶಯ ತನ್ನ ಬುಡದಲ್ಲೇ ತಿರುಚಿಕೊಳ್ಳುವುದುಂಟು. ಎಷ್ಟೋ ಗಂಟೆ ರಕ್ತ ನಿಂತು ನೇರಳೆ, ಕಪ್ಪು ಬಣ್ಣಕ್ಕೆ ತಿರುಗಿ, ಸತ್ತಂತೆಯೇ ಕಾಣುತ್ತದೆ. ಹಿಂದೆ ಅದನ್ನು ತೆಗೆದೇ ಬಿಡುತ್ತಿದ್ದರು. ಈಗ ತಿರುಚು ಬಿಡಿಸಿ ಹಾಗೇ ಬಿಡುತ್ತಾರೆ, ಮತ್ತು ಅವುಗಳಲ್ಲಿ ಬಹುಪಾಲು ಅಂಡಾಶಯಗಳು ಚೇತರಿಸಿಕೊಂಡು ಮತ್ತೆ ಫಾಲಿಕಲ್ ಬೆಳೆಸುತ್ತವೆ. ಮೊಳಕೆಯಂತಹ ಮೊದಲ ಹಂತದ ಫಾಲಿಕಲ್‌ಗಳು ರಕ್ತನಾಳ ಕಡಿಮೆ ಇರುವ ಹೊರ ಪದರದಲ್ಲೇ ವರ್ಷಗಟ್ಟಲೆ ಬದುಕುವಂಥವು, ಕಡಿಮೆ ಆಮ್ಲಜನಕ ಅವುಗಳಿಗೆ ಹೊಸದಲ್ಲ. ಗಂಟೆಗಟ್ಟಲೆ ತಿರುಚಿದ್ದನ್ನು ತಾಳಿಕೊಳ್ಳುವ ಅಂಗ, ಒಂದು ಗಂಟೆಯ 12 ಮಿಲಿಮೀಟರ್ ಒತ್ತಡಕ್ಕೆ ತನ್ನ ದಾಸ್ತಾನನ್ನು ಕಳೆದುಕೊಳ್ಳುತ್ತದೆಂದು ನಂಬಲು ಕಾರಣವಿಲ್ಲ.

ಸಂತಾನಹರಣ ಮಾಡಿಸಿಕೊಂಡವರ ಮುಟ್ಟಿನ ಬಗ್ಗೆ ದೊಡ್ಡ ಅಧ್ಯಯನವೇ ಇದೆ. ಅಮೆರಿಕದಲ್ಲಿ 9,514 ಮಹಿಳೆಯರನ್ನು ವರ್ಷಗಳ ಕಾಲ ಅನುಸರಿಸಿ, ಗಂಡಂದಿರು ಚಿಕಿತ್ಸೆ ಮಾಡಿಸಿಕೊಂಡ ಮಹಿಳೆಯರೊಡನೆ ಹೋಲಿಸಿದ ಈ ವರದಿ 2000ದಲ್ಲಿ ಹೊರಬಂತು. ಸ್ರಾವ ಹೆಚ್ಚಾಗುವುದು ಸಂತಾನಹರಣದವರಲ್ಲಿ ಹೆಚ್ಚಿರಲಿಲ್ಲ, ಮುಟ್ಟಿನ ಚಕ್ರ ಏರುಪೇರಾಗುವುದು ಮಾತ್ರ ಕೊಂಚ ಹೆಚ್ಚಿತ್ತು. ಆಪರೇಷನ್ ಆದ ಮೇಲೆ ಸೊಂಟ ನೋವು, ಮುಟ್ಟಿನ ತೊಂದರೆ ಶುರುವಾಯಿತೆಂದು ಹಳ್ಳಿಯ ಹೆಣ್ಣುಮಕ್ಕಳು ಹೇಳುವ ಮಾತನ್ನು ಇದರಿಂದ ತಳ್ಳಿಹಾಕುವಂತಿಲ್ಲ. ಆ ನೋವಿಗೆ ರಕ್ತಹೀನತೆ, ಸೋಂಕು, ದುಡಿಮೆಯ ಭಾರ ಮುಂತಾದ ಕಾರಣಗಳನ್ನು ಹುಡುಕಿ ಚಿಕಿತ್ಸೆ ಕೊಡಬೇಕು. ಕೆಲವು ನಿಮಿಷದ ಅನಿಲವನ್ನು ದೂರಿ ಕೈತೊಳೆದುಕೊಂಡರೆ ನಿಜವಾದ ಕಾಯಿಲೆ ಉಳಿದುಬಿಡುತ್ತದೆ. ಚಿಕಿತ್ಸೆಯ ನಂತರ ಒಂದೆರಡು ದಿನ ಭುಜ ನೋಯುವುದು ಮಾತ್ರ ಅನಿಲದ್ದೇ. ವಪೆಗೆ ಆದ ಕಿರಿಕಿರಿ ಭುಜದಲ್ಲಿ ನೋವಾಗಿ ತೋರುತ್ತದೆ, ತಾನೇ ಹೋಗುತ್ತದೆ.

ಅನಿಲಕ್ಕಿಂತ ದೊಡ್ಡ ಅಪಾಯಗಳು

ಎಂಡೋಮೆಟ್ರಿಯೋಸಿಸ್‌ನಿಂದ ಅಂಡಾಶಯದಲ್ಲಿ ಕಟ್ಟಿಕೊಳ್ಳುವ ಗೆಡ್ಡೆಗೆ ನೋಟದ ಕಾರಣದಿಂದ ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ಅದರ ಗೋಡೆ ಅಂಡಾಶಯಕ್ಕೆ ಬಿಗಿಯಾಗಿ ಅಂಟಿರುತ್ತದೆ. ಸುಲಿದು ತೆಗೆಯುವಾಗ ಫಾಲಿಕಲ್‌ಗಳಿರುವ ಒಳ್ಳೆಯ ಪದರವೂ ಸ್ವಲ್ಪ ಕಿತ್ತುಬರುತ್ತದೆ. ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಸುಟ್ಟರೆ ಉಳಿದದ್ದೂ ಬೇಯುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯಲ್ಲಿ ಇಂತಹ ಶಸ್ತ್ರಚಿಕಿತ್ಸೆಯ ನಂತರ ಎ.ಎಂ.ಎಚ್. ಸರಾಸರಿ ಶೇ. 38ರಷ್ಟು ಕುಸಿದಿತ್ತು. ಇದರ ಮುಂದೆ ಅನಿಲದ ಪಾಲು ಗೌಣ. ಸುಡುವ ಬದಲು ಸಣ್ಣ ಹೊಲಿಗೆ ಹಾಕಿ ರಕ್ತ ನಿಲ್ಲಿಸಿದರೆ ದಾಸ್ತಾನು ಹೆಚ್ಚು ಉಳಿಯುತ್ತದೆ. ಆದರೆ ಹೊಲಿಗೆಗೆ ಹೊತ್ತು ಹಿಡಿಯುತ್ತದೆ, ಅಂದರೆ ಅನಿಲದ ಹೊತ್ತೂ ಬೆಳೆಯುತ್ತದೆ. ಈ ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ಹೊಲಿಗೆಯ ಕಡೆಗೇ ವಾಲುವುದು ಸರಿ.

ಅಂಡಾಣು ಸರಿಯಾಗಿ ಬಿಡುಗಡೆಯಾಗದ ಪಿ.ಸಿ.ಓ.ಎಸ್. ಎಂಬ ತೊಂದರೆ ಇರುವವರಿಗೆ ಅಂಡಾಶಯದಲ್ಲಿ ವಿದ್ಯುತ್ ಸೂಜಿಯಿಂದ ಕೆಲವು ತೂತು ಕೊರೆಯುವ ವಿಧಾನವನ್ನು 1984ರಲ್ಲಿ ನಾರ್ವೆಯ ಹಾಲ್ವರ್ಡ್ ಯೊನ್ನೆಸ್ ಪರಿಚಯಿಸಿದರು. ಮಾತ್ರೆಗಳಿಗೆ ಜಗ್ಗದವರಿಗೆ ಅದು ಉಪಯೋಗಿ. ಒಂದೊಂದು ಅಂಡಾಶಯಕ್ಕೆ ನಾಲ್ಕು ತೂತು ಸಾಕೆಂಬ ಪದ್ಧತಿ ಮೀರಿ ಹತ್ತು, ಹದಿನೈದು ಕೊರೆದರೆ ದಾಸ್ತಾನು ಕುಗ್ಗುವ ಅಪಾಯ ಹೆಚ್ಚುತ್ತದೆ.

ಇನ್ನು ಗರ್ಭಕೋಶ ತೆಗೆಯುವುದು. ಅಂಡಾಶಯವನ್ನು ಉಳಿಸಿದರೂ ಗರ್ಭಕೋಶದ ಕಡೆಯಿಂದ ಬರುತ್ತಿದ್ದ ರಕ್ತದ ಕವಲು ಕಡಿದುಹೋಗುತ್ತದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಹೀಗಾದವರ ಅಂಡಾಶಯದ ಕೆಲಸ ಬೇಗ ನಿಲ್ಲುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು ಕಂಡಿತು. ಹೊನ್ನಾಳಿಗೆ ತಾಗಿಕೊಂಡಿರುವ ಹಾವೇರಿ ಜಿಲ್ಲೆಯಲ್ಲಿ, ಅನಗತ್ಯವಾಗಿ ತಮ್ಮ ಗರ್ಭಕೋಶ ತೆಗೆಯಲಾಯಿತೆಂದು ಲಂಬಾಣಿ ಮಹಿಳೆಯರು ಬೀದಿಗಿಳಿದು ಹೋರಾಡಿದ್ದನ್ನು ನಾಡು ಕಂಡಿದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಅದೇ ಸಮುದಾಯದ ಸಂತ ಸೇವಾಲಾಲರ ಕ್ಷೇತ್ರ. ತಾಂಡಾಗಳು ಈ ಸೀಮೆಯ ತುಂಬ ಇವೆ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಿತು. ಅಂಡಾಶಯದ ರಕ್ಷಣೆಯ ಮಾತು ಬಂದಾಗ ಈ ತೀರ್ಪಿನ ತೂಕ ಯಾವ ಇಲಿಯ ಪ್ರಯೋಗಕ್ಕಿಂತಲೂ ಹೆಚ್ಚು.

ಶಿಬಿರಗಳು ಮತ್ತು ಒತ್ತಡದ ಲೆಕ್ಕ

ಒತ್ತಡ 15 ಮೀರಬಾರದು, ಅನಿಲ ನಿಧಾನವಾಗಿ ತುಂಬಬೇಕು, ಒಂದು ತಂಡ ದಿನಕ್ಕೆ 30ಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಬಾರದು ಎಂಬ ನಿಯಮಗಳು ಭಾರತದಲ್ಲಿ ಇವೆ. ಅವು ಮುರಿದಾಗ ಏನಾಗುತ್ತದೆ ಎಂಬುದು 2014ರ ನವೆಂಬರ್‌ನಲ್ಲಿ ಎರಡು ಕಡೆ ಬಯಲಾಯಿತು. ಛತ್ತೀಸಗಢದ ಬಿಲಾಸ್‌ಪುರ ಜಿಲ್ಲೆಯಲ್ಲಿ ಒಂದೇ ದಿನ ಕೆಲವು ಗಂಟೆಗಳಲ್ಲಿ 83 ಮಹಿಳೆಯರಿಗೆ ಲ್ಯಾಪ್ರೋಸ್ಕೋಪಿ ಸಂತಾನಹರಣ ಮಾಡಿದ ಶಿಬಿರದ ನಂತರ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಒಡಿಶಾದ ಅಂಗುಲ್ ಜಿಲ್ಲೆಯ ಶಿಬಿರವೊಂದರಲ್ಲಿ 56 ಮಹಿಳೆಯರ ಹೊಟ್ಟೆ ಉಬ್ಬಿಸಲು ಸೈಕಲ್ ಪಂಪ್ ಬಳಸಿದ್ದು ಸುದ್ದಿಯಾಯಿತು. ಪಂಪಿನ ಗಾಳಿಗೆ ಒತ್ತಡದ ಅಳತೆಯಿಲ್ಲ, ಶುದ್ಧತೆಯಿಲ್ಲ. ಗಾಳಿಯ ಸಾರಜನಕ ರಕ್ತದಲ್ಲಿ ಸುಲಭವಾಗಿ ಕರಗದ ಕಾರಣ, ದೊಡ್ಡ ಗುಳ್ಳೆ ಸಿರೆಗೆ ಸೇರಿದರೆ ಹೃದಯ ನಿಲ್ಲಿಸಬಲ್ಲದು. 2016ರ ಸೆಪ್ಟೆಂಬರ್ 14ರಂದು ಸಂತಾನಹರಣ ಶಿಬಿರಗಳ ಕುರಿತ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಿಬಿರ ಪದ್ಧತಿಯನ್ನೇ ಮೂರು ವರ್ಷದೊಳಗೆ ಕೊನೆಗಾಣಿಸಬೇಕೆಂದು ಆದೇಶಿಸಿತು. ಆಸ್ಪತ್ರೆಯಲ್ಲೇ, ನಿಗದಿತ ದಿನದಲ್ಲಿ, ಮಿತ ಸಂಖ್ಯೆಯಲ್ಲಿ ಮಾಡುವ ವ್ಯವಸ್ಥೆಗೆ ಒತ್ತು ಬಂತು.

ಒತ್ತಡ ತಗ್ಗಿಸುವ ದಾರಿಗಳು

ಯುರೋಪಿನ ಲ್ಯಾಪ್ರೋಸ್ಕೋಪಿ ತಜ್ಞರ ಸಂಘ 2002ರಲ್ಲೇ, ಕಣ್ಣಿಗೆ ಸ್ಪಷ್ಟವಾಗಿ ಕಾಣುವಷ್ಟು ಜಾಗ ಕೊಡುವ ಅತಿ ಕಡಿಮೆ ಒತ್ತಡವನ್ನು ಬಳಸಬೇಕೆಂದಿತು. 8ರಿಂದ 10ರಲ್ಲಿ ಕೆಲಸ ಮುಗಿಸಬಲ್ಲವರು ಇದ್ದಾರೆ. ರೋಗಿಯ ಸ್ನಾಯುಗಳು ಚೆನ್ನಾಗಿ ಸಡಿಲವಾಗಿರಬೇಕು, ಅಂದರೆ ಅರಿವಳಿಕೆ ತಜ್ಞರ ನೆರವು ಬೇಕು. ತಲೆ ತಗ್ಗಿಸಿ ಮಲಗಿಸಿದರೆ ಕರುಳು ಮೇಲಕ್ಕೆ ಸರಿದು ಅಂಡಾಶಯ ತಾನಾಗಿ ಕಾಣುತ್ತದೆ. ತೂತು ಹಾಕುವ ಕ್ಷಣಕ್ಕೆ ಮಾತ್ರ 15 ಇಟ್ಟು, ಆಮೇಲೆ ಇಳಿಸುವುದು ಸುಲಭವಾದ, ಖರ್ಚಿಲ್ಲದ ಕ್ರಮ. ಅನಿಲವನ್ನು ಬೆಚ್ಚಗೆ, ತೇವವಾಗಿ ಕೊಡುವ ಯಂತ್ರಗಳು ದೊಡ್ಡ ನಗರಗಳಲ್ಲಿ ಬಂದಿವೆ. ದೀರ್ಘ ಶಸ್ತ್ರಚಿಕಿತ್ಸೆಯಲ್ಲಿ ನಡುವೆ ಒಮ್ಮೆ ಅನಿಲ ಇಳಿಸಿ ಅಂಗಗಳಿಗೆ ಉಸಿರು ಕೊಡುವವರೂ ಇದ್ದಾರೆ.

ಅನಿಲವೇ ಇಲ್ಲದ ಲ್ಯಾಪ್ರೋಸ್ಕೋಪಿಯೂ ಇದೆ. ಹೊಕ್ಕುಳ ಬಳಿ ಉಕ್ಕಿನ ಬಳೆಯನ್ನು ಒಳಗೆ ತೂರಿಸಿ, ಮೇಜಿಗೆ ಜೋಡಿಸಿದ ತೋಳಿನಿಂದ ಹೊಟ್ಟೆಯ ಗೋಡೆಯನ್ನು ಮೇಲೆತ್ತಿ ಹಿಡಿಯುತ್ತಾರೆ. ಭಾರತದ ಗ್ರಾಮೀಣ ಶಸ್ತ್ರವೈದ್ಯರು ಇದನ್ನು ವರ್ಷಗಳಿಂದ ಬೆಳೆಸಿದ್ದಾರೆ. ಅನಿಲದ ಸಿಲಿಂಡರ್ ಬೇಡ, ಇನ್ಸಫ್ಲೇಟರ್ ಬೇಡ, ಸಿಸೇರಿಯನ್‌ಗೆ ಕೊಡುವಂತೆ ಬೆನ್ನುಹುರಿಯ ಚುಚ್ಚುಮದ್ದು ಸಾಕಾಗುತ್ತದೆ, ಮಾಮೂಲಿ ಕತ್ತರಿ–ಇಕ್ಕಳಗಳನ್ನೇ ಬಳಸಬಹುದು. ಅಂಡಾಶಯದ ರಕ್ತಹರಿವಿಗೆ ಅಡ್ಡಿಯೂ ಇಲ್ಲ. ಚನ್ನಗಿರಿ, ಹೊನ್ನಾಳಿ, ಜಗಳೂರಿನ ತಾಲ್ಲೂಕು ಆಸ್ಪತ್ರೆಗಳಂಥ ಕಡೆಗೆ ಇದು ಬಹಳ ಹೊಂದುವ ವಿಧಾನ. ನಾಳದೊಳಗಿನ ಗರ್ಭ ಒಡೆದು ಬಂದವಳಿಗೋ, ತಿರುಚಿದ ಅಂಡಾಶಯದ ಹುಡುಗಿಗೋ ದಾವಣಗೆರೆ ಮುಟ್ಟುವ ತನಕ ಕಾಯಬೇಕಾಗಿಲ್ಲ. ಮಿತಿಗಳೂ ಇವೆ. ಗೋಡೆಯನ್ನು ಒಂದೇ ಕಡೆ ಎತ್ತುವುದರಿಂದ ಪಕ್ಕಗಳಲ್ಲಿ ಜಾಗ ಕಿರಿದು, ಕರುಳು ನುಗ್ಗಿಬರುತ್ತದೆ; ಮೈ ದಪ್ಪವಿರುವವರಲ್ಲಿ, ಹಿಂದಿನ ಶಸ್ತ್ರಚಿಕಿತ್ಸೆಯಿಂದ ಅಂಟು ಕಟ್ಟಿದವರಲ್ಲಿ, ದೊಡ್ಡ ಚಾಕೊಲೇಟ್ ಸಿಸ್ಟ್ ಇರುವವರಲ್ಲಿ ನೋಟ ಸಾಲುವುದಿಲ್ಲ. ಅಂಥವರನ್ನು ಅನಿಲದ ವ್ಯವಸ್ಥೆ, ಒತ್ತಡದ ಅಳತೆ ಮತ್ತು ಹೊಲಿಗೆ ಬಲ್ಲ ಕೈ ಮೂರೂ ಇರುವ ದೊಡ್ಡ ಆಸ್ಪತ್ರೆಗೇ ಕಳಿಸಬೇಕಾಗುತ್ತದೆ.